ಮನೆಯಲ್ಲಿ ಹಾಡು ಕೇಳಲು ಯಾವ ಓಪನ್ ಬ್ಯಾಕ್ ಹೆಡ್‌ಫೋನ್ ಒಳ್ಳೆಯದು? ಆಂಪ್ (ಸದ್ದು ಏರಿಸುವ ಆಂಪ್ಲಿಫೈಯರ್) ಬೇಕೇ ಬೇಕಾ?

ರಾತ್ರಿ ಮನೆಯಲ್ಲಿ ಕೂತು ಕರ್ನಾಟಕ ಸಂಗೀತ, ಹಳೆ ಚಿತ್ರಗೀತೆ ಕೇಳಬೇಕು, ಕೈಯಲ್ಲಿರುವುದು ಫೋನ್ ಮತ್ತು ಲ್ಯಾಪ್‌ಟಾಪ್ ಮಾತ್ರ ಅಂತ ಬರೆದಿದ್ದೀರಿ. ಸೆನ್‌ಹೈಸರ್ ಎಚ್‌ಡಿ 600, ಎಚ್‌ಡಿ 560ಎಸ್, ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ, ಈ ಮೂರರಲ್ಲಿ ಯಾವುದು ಅನ್ನುವುದು ಪ್ರಶ್ನೆ. ನೀವು ಕೇಳುವುದು ಹೆಚ್ಚಾಗಿ ಹಾಡುಗಾರಿಕೆ. ಹಾಗಾಗಿ ನನ್ನ ಉತ್ತರ ಎಚ್‌ಡಿ 600. ಅಷ್ಟು ದುಡ್ಡು ಬೇಡ ಅನಿಸಿದರೆ 560ಎಸ್.

ಆದರೆ ಮಾಡೆಲ್‌ಗಿಂತ ಮೊದಲು ನಿಮ್ಮ ಕೋಣೆ ನೋಡಿ. ಓಪನ್ ಬ್ಯಾಕ್ ಅಂದರೆ ಒಳಗಿನ ಪುಟ್ಟ ಸ್ಪೀಕರ್‌ನ (ಡ್ರೈವರ್) ಬೆನ್ನ ಹಿಂದೆ ಬರೀ ಜಾಲರಿ. ಒಳಗಿನ ಸದ್ದು ಹೊರಗೆ ಹೋಗುತ್ತದೆ, ಹೊರಗಿನದು ಸೀದಾ ಒಳಗೆ ಬರುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ತಂಬೂರಿಯ ಸೂಕ್ಷ್ಮವೆಲ್ಲ ಅದರಲ್ಲೇ ಮುಚ್ಚಿಹೋಗುತ್ತದೆ. ಆಗ ವಾಲ್ಯೂಮ್ ಏರಿಸುತ್ತಾ ಹೋಗುತ್ತೀರಿ, ಕಿವಿಗೆ ಕೆಟ್ಟದ್ದು. ಪಕ್ಕದಲ್ಲೇ ಯಾರಾದರೂ ಮಲಗಿದ್ದರೆ ಅವರಿಗೂ ಕಚೇರಿ ಕೇಳಿಸುತ್ತದೆ. ಇಂಥ ಕೋಣೆಯಾದರೆ ಕ್ಲೋಸ್ಡ್ ಬ್ಯಾಕ್ ತಗೊಳ್ಳಿ, ಬೇಜಾರು ಮಾಡಿಕೊಳ್ಳಬೇಡಿ. ಫ್ಯಾನ್ ಒಂದು, ಎರಡರಲ್ಲಿ ಇಟ್ಟು, ಕಿಟಕಿ ಹಾಕಿ ಕೂರಲು ಆಗುತ್ತದೆ ಅನ್ನುವುದಾದರೆ ಓಪನ್ ಬ್ಯಾಕ್‌ನ ಸುಖವೇ ಬೇರೆ. ಮುಚ್ಚಿದ ಕಪ್ಪಿನಲ್ಲಿ ಸದ್ದು ಗೋಡೆಗೆ ಬಡಿದು ವಾಪಸ್ ಬಂದು ದನಿಗೆ ಡಬ್ಬದೊಳಗಿನ ಗುಂಯ್‌ಗುಡುವಿಕೆ ಸೇರಿಕೊಳ್ಳಬಹುದು. ಜಾಲರಿ ಇದ್ದಾಗ ಆ ಕಾಟ ತುಂಬಾ ಕಡಿಮೆ. ಕಿವಿ ಬೆವರುವುದೂ ಕಡಿಮೆ.

ಎಚ್‌ಡಿ 600 ಬಂದದ್ದು 1997ರಲ್ಲಿ. ಇವತ್ತಿಗೂ ಮಾರುತ್ತಿದ್ದಾರೆ, ಇವತ್ತಿಗೂ ಜನ ಹೊಸ ಹೆಡ್‌ಫೋನ್‌ಗಳನ್ನು ಇದರ ಪಕ್ಕ ಇಟ್ಟು ಅಳೆಯುತ್ತಾರೆ. ಕಾರಣ ಅದರ ಸದ್ದಿನ ಮಧ್ಯಭಾಗ. ಮನುಷ್ಯನ ದನಿ, ಪಿಟೀಲು, ವೀಣೆ, ಇವೆಲ್ಲ ಇರುವ ಜಾಗದಲ್ಲಿ ಅದು ಏನನ್ನೂ ಎತ್ತುವುದಿಲ್ಲ, ಏನನ್ನೂ ಅಡಗಿಸುವುದಿಲ್ಲ. ಗಾಯಕ ಉಸಿರು ತಗೊಳ್ಳುವುದು, ಗಮಕದಲ್ಲಿ ಸ್ವರ ಅಲುಗುವುದು ಸಹಜವಾಗಿ ಕೇಳುತ್ತದೆ. ಮೃದಂಗದ ಎಡಗಡೆಯ ನಾದ ಸ್ಪಷ್ಟವಾಗಿ ಬರುತ್ತದೆ. ತೀರಾ ಕೆಳಗಿನ ಬೇಸ್ ಮಾತ್ರ ಕಡಿಮೆ. ಈಗಿನ ಸಿನಿಮಾ ಹಾಡುಗಳ ಸಿಂಥ್ ಬೇಸ್ ಇಷ್ಟಪಡುವವರಿಗೆ ಖಾಲಿ ಅನಿಸುತ್ತದೆ. ಅಂಥವರು ಹೈಫೈಮ್ಯಾನ್ ಸಂಡಾರಾದಂಥ ಪ್ಲೇನಾರ್ (ಚಪ್ಪಟೆ ತೆಳು ಪೊರೆಯ ಡ್ರೈವರ್ ಇರುವ ಹೆಡ್‌ಫೋನ್) ನೋಡಲಿ.

560ಎಸ್‌ನಲ್ಲಿ ಸದ್ದು ಇನ್ನೂ ಸ್ವಲ್ಪ ಅಗಲವಾಗಿ ಹರಡುತ್ತದೆ. ಎಚ್‌ಡಿ 600ರ ‘ಸ್ಟೇಜ್’ ಚಿಕ್ಕದು ಅಂತ ಎಲ್ಲರೂ ದೂರುತ್ತಾರೆ, ನಿಜವೂ ಹೌದು. ಆದರೆ 60ರ ದಶಕದ ಚಿತ್ರಗೀತೆಗಳು ಬಹುಪಾಲು ಮೋನೊ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು. ಅವು ಯಾವ ಹೆಡ್‌ಫೋನ್‌ನಲ್ಲೂ ತಲೆಯ ನಡುವೆಯೇ ನಿಲ್ಲುತ್ತವೆ. ನಿಮಗೆ ಆ ದೂರು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ ಅಲ್ವಾ?

ಡಿಟಿ 990 ಪ್ರೊ ಕಿವಿಗೆ ಮೆತ್ತಗಿದೆ, ಗಟ್ಟಿಮುಟ್ಟಾಗಿದೆ. ಆದರೆ ಅದರ ಸದ್ದಿನ ಮೇಲಿನ ಭಾಗ (ಟ್ರೆಬಲ್) ಚೂಪು. ‘ಸ’, ‘ಶ’ ಚುಚ್ಚುತ್ತವೆ, ಹಳೆ ಟೇಪಿನ ಸುಯ್ ಸದ್ದು ಮುಂದಕ್ಕೆ ಬರುತ್ತದೆ. ಹಳೆ ರೆಕಾರ್ಡಿಂಗ್ ಕೇಳುವವರಿಗೆ ನಾನು ಇದನ್ನು ಹೇಳುವುದಿಲ್ಲ. ಮೊದಲಿನ ಮಾಡೆಲ್‌ನಲ್ಲಿ ವೈರ್ ಕಳಚಲೂ ಬರುವುದಿಲ್ಲ. ಎಚ್‌ಡಿ 600ರಲ್ಲಿ ವೈರ್, ಕಿವಿಯ ಪ್ಯಾಡ್ ಎರಡನ್ನೂ ನೀವೇ ಬದಲಿಸಬಹುದು. ವರ್ಷಗಟ್ಟಲೆ ಬಳಸುವ ವಸ್ತುವಿಗೆ ಇದು ದೊಡ್ಡ ವಿಷಯ.

ಇನ್ನು ಆಂಪ್. ಎಚ್‌ಡಿ 600ರ ವಿದ್ಯುತ್ ತಡೆ (ಇಂಪೀಡೆನ್ಸ್) 300 ಓಮ್ ಅಂತ ನೋಡಿ ಜನ ಸುಮ್ನೆ ಹೆದರುತ್ತಾರೆ. ಎಚ್‌ಡಿ 600ಗೆ 1 ವೋಲ್ಟ್ ಕೊಟ್ಟರೆ ಸುಮಾರು 97 ಡೆಸಿಬೆಲ್ ಸದ್ದು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಸುರಕ್ಷಿತ ಅನ್ನುವುದು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಅಂದರೆ 1 ವೋಲ್ಟ್ ಸಿಕ್ಕರೆ ಸಾಮಾನ್ಯವಾಗಿ ಸಾಕು. ಆ್ಯಪಲ್‌ನ ಯುಎಸ್‌ಬಿ-ಸಿ ಡಾಂಗಲ್ (ಹೆಡ್‌ಫೋನ್ ಸಿಕ್ಕಿಸುವ ಪುಟ್ಟ ಅಡಾಪ್ಟರ್) ಸುಮಾರು 1 ವೋಲ್ಟ್ ಕೊಡುತ್ತದೆ. ಯುರೋಪಿಗೆಂದು ಮಾಡಿದ್ದು ಅದರ ಅರ್ಧ. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಅದರ ಸದ್ದು ತಗ್ಗುತ್ತದೆ, ಹಾಗಾಗಿ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿ. ಮೆಲ್ಲಗೆ ರೆಕಾರ್ಡ್ ಆದ ಕಚೇರಿಗಳಲ್ಲಿ ವಾಲ್ಯೂಮ್ ಪೂರ್ತಿ ಏರಿಸಿದರೂ ಸಾಲದು ಅನಿಸಿದರೆ ಆಗ ಆಂಪ್ ತಗೊಳ್ಳಿ. ಮೊದಲೇ ಅದಕ್ಕೆ ದುಡ್ಡು ಎತ್ತಿಡಬೇಡಿ, ಅದನ್ನು ಹೆಡ್‌ಫೋನ್‌ಗೇ ಹಾಕಿ.

ಅಂಗಡಿಯಲ್ಲಿ ಕೇಳಿ ನೋಡುವ ಅವಕಾಶ ಸಿಕ್ಕರೆ ನಿಮಗೆ ಬಾಯಿಪಾಠವಾಗಿರುವ ಒಂದು ಕೃತಿಯನ್ನೇ ಹಾಕಿ. ಹೋಲಿಸುವ ಎರಡೂ ಹೆಡ್‌ಫೋನ್‌ಗಳ ಸದ್ದನ್ನು ಒಂದೇ ಮಟ್ಟಕ್ಕೆ ತನ್ನಿ. ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನಿಸಿಬಿಡುತ್ತದೆ.

ಕನ್ನಡಕ ಹಾಕುತ್ತೀರಾ ಅಂತ ನೀವು ಬರೆದಿಲ್ಲ. ಎಚ್‌ಡಿ 600 ಹೊಸದರಲ್ಲಿ ತಲೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಬಳಸುತ್ತಾ ಸಡಿಲವಾಗುತ್ತದೆ. ಆದರೆ ದಪ್ಪ ಕಡ್ಡಿಯ ಕನ್ನಡಕ ಇದ್ದರೆ ಕಿವಿಯ ಮೇಲೆ ಒತ್ತುತ್ತದೆ. ಹಾಗಿದ್ದರೆ ವಾಪಸ್ ಮಾಡಲು ಅವಕಾಶ ಇರುವ ಕಡೆಯೇ ಕೊಳ್ಳಿ, ಕನ್ನಡಕ ಹಾಕಿಕೊಂಡೇ ಒಂದು ಪೂರ್ತಿ ಕಚೇರಿ ಕೇಳಿ ನೋಡಿ.