ಉಲುರುವಿನ ಮರದ ಉಡ: ಸುಟ್ಟ ಗೆರೆ, ಬಿರುಕು, ನಕಲಿ

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ಮಗಳು ಉಲುರು ಬಂಡೆಯ ಬಳಿ ಕೊಂಡ ಮರದ ಉಡ ತಂದುಕೊಟ್ಟಿದ್ದಾಳೆ. ಮೈಮೇಲಿನ ಕಪ್ಪು ಗೆರೆಗಳು ಬಣ್ಣವೇ? ಮಳೆಗಾಲ ಕಳೆದು ಏಸಿ ಕೋಣೆಗೆ ತಂದ ಮೇಲೆ ತಲೆಯ ಕಡೆಯಿಂದ ಸೀಳಿದೆ. ಫೆವಿಕಾಲ್ ಜೊತೆ ಮರದ ಪುಡಿ ಕಲಸಿ ತುಂಬಲೇ?
– ಓದುಗರು, ಮಂಗಳೂರು

ಉತ್ತರ: ಬಣ್ಣವಲ್ಲ, ಸುಟ್ಟ ಗುರುತು. ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿ ಅನಂಗು ಜನ ಮರದ ಕೆತ್ತನೆಯನ್ನು ಪುನು ಎಂದೂ ಅದರ ಮೇಲಿನ ಚಿತ್ತಾರವನ್ನು ವಾಲ್ಕ ಎಂದೂ ಕರೆಯುತ್ತಾರೆ. ಇದಕ್ಕೆ ಹೆಚ್ಚಾಗಿ ಬಳಸುವುದು ನೀಲಗಿರಿ ಜಾತಿಯ ರಿವರ್ ರೆಡ್ ಗಮ್ ಮರದ ಬೇರು. ಬೇರು ಬಾಗಿದ ಕಡೆಯೇ ಕುತ್ತಿಗೆ, ಬಾಲ ಬರುವಂತೆ ತುಂಡು ಆರಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಮರದ ಎಳೆಯೂ ಬಾಗಿನ ಜೊತೆಗೇ ಸಾಗುವುದರಿಂದ ಸಣ್ಣ ಬಾಲವೂ ಗಟ್ಟಿ. ನೇರ ಹಲಗೆಯಲ್ಲಿ ಬಾಗಿದ ಬಾಲ ಕೊಯ್ದರೆ ಎಳೆ ಅಡ್ಡ ಕಡಿದುಹೋಗಿ, ಕೈಜಾರಿ ಬಿದ್ದ ದಿನವೇ ಮುರಿಯುತ್ತದೆ. ಕೊಡಲಿಯಲ್ಲಿ ಒರಟು ಆಕಾರ, ಅರದಲ್ಲಿ ಮೈಕಟ್ಟು, ಸ್ಯಾಂಡ್‌ಪೇಪರಿನಲ್ಲಿ ನುಣುಪು. ಆಮೇಲೆ ಬೇಲಿ ತಂತಿಯ ತುಂಡುಗಳನ್ನು ಸೌದೆ ಬೆಂಕಿಯಲ್ಲಿ ಕಾಯಿಸಿ, ಒಂದು ಆರಿದರೆ ಇನ್ನೊಂದನ್ನು ಎತ್ತಿಕೊಂಡು ಗೆರೆ ಎಳೆಯುತ್ತಾರೆ. ತಂತಿ ಕೆಂಪಗೆ ಕಾಯದಿದ್ದರೆ ಗೆರೆ ಮಂಕು ಕಂದು. ಒಂದೇ ಕಡೆ ತಡೆದರೆ ಗುಳಿ ಬಿದ್ದು ಅಂಚು ಹರಡುತ್ತದೆ. ತಪ್ಪಿದರೆ ಮತ್ತೆ ಅರ ಹಿಡಿಯಬೇಕು.

ಇನ್ನು ಸೀಳು. ತುಂಬುವುದು ಬೇಡವೇ ಬೇಡ. ಮರುಭೂಮಿಯಿಂದ ಬಂದ ಮರ ನಿಮ್ಮೂರಿನ ಮಳೆಗಾಲದಲ್ಲಿ ತೇವ ಹೀರಿ ಉಬ್ಬಿತು. ಏಸಿ ಗಾಳಿಗೆ ಹೊರಮೈ ಬೇಗ ಒಣಗಿತು, ಒಳಗಿನ ತೇವ ಹಾಗೇ ಉಳಿಯಿತು. ಎಳೆಗಳ ಬಾಯಿ ತೆರೆದಿರುವುದು ತುದಿಯಲ್ಲಿ, ಹಾಗಾಗಿ ಸೀಳೂ ಅಲ್ಲಿಂದಲೇ. ಈಗ ತುಂಬಿದರೆ ಮುಂದಿನ ಮಳೆಗಾಲದಲ್ಲಿ ಮರ ಮತ್ತೆ ಉಬ್ಬಿದಾಗ ಆ ಗಟ್ಟಿ ಅಂಟೇ ಬೆಣೆಯಾಗಿ ಸೀಳು ಉದ್ದವಾಗುತ್ತದೆ. ಏಸಿಯಿಂದ, ಕಿಟಕಿ ಬಿಸಿಲಿನಿಂದ ದೂರ ಇಡಿ. ತಿಂಗಳಿಗೊಮ್ಮೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ; ವರ್ಷದಲ್ಲಿ ಬೆಳೆಯದಿದ್ದರೆ ಹಾಗೇ ಬಿಡಿ, ಸಣ್ಣ ಸೀಳು ಅಂದಗೆಡಿಸುವುದಿಲ್ಲ. ಒರೆಸಲು ಒದ್ದೆ ಬಟ್ಟೆ ಬೇಡ, ಗೆರೆಯ ಇದ್ದಿಲು ಕಳಚುತ್ತದೆ. ಒಣ ಮೆತ್ತನೆಯ ಬ್ರಷ್ ಸಾಕು. ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ ಹುಳು ಹಿಡಿದಿದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ 2 ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಮರದ ಮೇಲೆ ನೀರು ಹನಿಗಟ್ಟುತ್ತದೆ.

ಪ್ರಶ್ನೆ: ಆನ್‌ಲೈನಿನಲ್ಲಿ ಕೊಂಡ ಬೂಮರಾಂಗ್ ಎಸೆದರೆ ವಾಪಸ್ ಬರಲಿಲ್ಲ. ನಕಲಿಯೇ?
– ಓದುಗರು, ಬೆಂಗಳೂರು

ಉತ್ತರ: ಅದರಿಂದ ಹೇಳಲಾಗದು. ಜಾಲಿ ಜಾತಿಯ ಮುಲ್ಗಾ ಮರದ ಭಾರದ ಬೂಮರಾಂಗ್ ಬೇಟೆಯದು, ನೇರ ಹೋಗಿ ಬಡಿಯಲೆಂದೇ ಮಾಡಿದ್ದು. ಗೆರೆಯ ಮೇಲೆ ಉಗುರು ಎಳೆದು ನೋಡಿ: ಸುಟ್ಟ ಗೆರೆ ಕೊರಕಲಾಗಿ ತಗಲುತ್ತದೆ, ಮುದ್ರಿಸಿದ್ದು ಮಟ್ಟಸ. ಇದೊಂದೇ ಸಾಲದು, ನಕಲಿಯೂ ಕೈಯಲ್ಲೇ ಮಾಡಿದ್ದಿರಬಹುದು. ಇಂಡೊನೇಷ್ಯಾದಲ್ಲಿ ಮಾಡಿಸಿದ ಬೂಮರಾಂಗ್, ಡಿಜೆರಿಡೂ ಎಂಬ ಊದುವ ವಾದ್ಯಗಳನ್ನು ಮೂಲನಿವಾಸಿಗಳ ಕೈಕೆಲಸವೆಂದು ಬಿಂಬಿಸಿ ಮಾರಿದ ಕಂಪನಿಯೊಂದಕ್ಕೆ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ 2019ರಲ್ಲಿ 23 ಲಕ್ಷ ಡಾಲರ್ ದಂಡ ಹಾಕಿತು. ಕಲಾವಿದರ ಹೆಸರು, ಊರು, ಮರ ಯಾವುದು ಎಂದು ಮಾರುವವರನ್ನು ಕೇಳಿ, ತಡವರಿಸಿದರೆ ಬಿಟ್ಟುಬಿಡಿ. ಅನಂಗು ಜನರೇ ಒಡೆಯರಾಗಿ 1984ರಿಂದ ನಡೆಸುತ್ತಿರುವ ಮಾರುಕು ಆರ್ಟ್ಸ್ ಎಂಬ ಕಲಾ ಸಂಸ್ಥೆಯಂಥ ಕಡೆ ಕೊಂಡರೆ ಈ ತನಿಖೆಯ ತಲೆನೋವೇ ಇರುವುದಿಲ್ಲ.