ಗಂಟೆಗೆ 2.13 ಡಾಲರ್‌ಗೆ ಈರುಳ್ಳಿ ಹೆಚ್ಚಬೇಕಾ?

ಡಲ್ಲಾಸ್‌ಗೆ ಬಂದು ಆರು ತಿಂಗಳಾಯಿತು, ವರ್ಕ್ ಪರ್ಮಿಟ್ ಬಂದ ಮೇಲೆ ಒಂದು ಹೋಟೆಲಿನಲ್ಲಿ ಸರ್ವರ್ ಆಗಿ ಸೇರಿದೆ, ಸಂಬಳ ಗಂಟೆಗೆ ಬರೀ 2.13 ಡಾಲರ್, ಬಾಗಿಲು ತೆಗೆಯುವ ಮುಂಚೆ ದಿನಾ ಎರಡು ಗಂಟೆ ಈರುಳ್ಳಿ ಹೆಚ್ಚಿಸಿ ಟಾಯ್ಲೆಟ್ ತೊಳೆಸುತ್ತಾರೆ, ಇದು ಸರೀನಾ ಅಂತ ಕೇಳಿದ್ದೀರಿ.

2.13 ಅನ್ನೋದು ಮೋಸ ಅಲ್ಲ. ಟಿಪ್ಸ್ ಸಿಗುವ ಕೆಲಸಕ್ಕೆ ಅಮೆರಿಕದ ಕೇಂದ್ರ ಕಾನೂನಿನಲ್ಲಿ 1991ರಿಂದ ಅದೇ ಅಂಕಿ. ಟೆಕ್ಸಾಸ್ ಕೂಡ ಅದನ್ನೇ ಹಿಡಿದುಕೊಂಡು ಕೂತಿದೆ. ಎಲ್ಲರ ಕನಿಷ್ಠ ಕೂಲಿ 7.25, ಅದೂ 2009ರಿಂದ ಏರಿಲ್ಲ. ನಡುವಿನ 5.12 ಡಾಲರ್ ಟಿಪ್ಸ್‌ನಲ್ಲಿ ಬರುತ್ತೆ ಅಂತ ಲೆಕ್ಕ. ಇದಕ್ಕೆ ಟಿಪ್ ಕ್ರೆಡಿಟ್ ಅಂತಾರೆ. ಹೆಸರು ಕೇಳಿದರೆ ನಮಗೇ ಏನೋ ಸಿಗೋ ಹಾಗಿದೆ, ಲಾಭ ಮಾತ್ರ ಓನರ್‌ಗೆ! ಟಿಪ್ಸ್ ಕಮ್ಮಿ ಬಿದ್ದರೆ ಉಳಿದದ್ದನ್ನು ಅವರೇ ತುಂಬಬೇಕು. ವಾರಕ್ಕೆ 40 ಗಂಟೆ ಮಾಡಿದರೆ ಎಲ್ಲ ಸೇರಿ 290 ಡಾಲರ್‌ಗಿಂತ ಕೆಳಗೆ ಇಳಿಯುವಂತಿಲ್ಲ. ಸಿಯಾಟಲ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಗೆಳತಿ "ನಮಗೆ ಪೂರ್ತಿ ಸಂಬಳ, ಮೇಲೆ ಟಿಪ್ಸು" ಅಂದರೆ ನಂಬಿ. ಅಲ್ಲಿ ಈ ಕ್ರೆಡಿಟ್ಟೇ ಇಲ್ಲ.

ಈಗ ಈರುಳ್ಳಿಗೆ ಬರೋಣ. ನ್ಯಾಪ್ಕಿನ್‌ನಲ್ಲಿ ಚಮಚ ಸುತ್ತೋದು, ಟೇಬಲ್ ಒರೆಸೋದು, ಕಾಫಿ ಮಾಡೋದು, ಆಗೊಮ್ಮೆ ಈಗೊಮ್ಮೆ ಲೋಟ ತೊಳೆಯೋದು ಸರ್ವರ್ ಕೆಲಸವೇ. ಇಲ್ಲಿ ಅದನ್ನು ಸೈಡ್ ವರ್ಕ್ ಅಂತಾರೆ, ಅದಕ್ಕೂ 2.13 ಕೊಟ್ಟರೆ ನಡೆಯುತ್ತೆ. ಇಂಥ ಕೆಲಸ ವಾರದ ಗಂಟೆಗಳಲ್ಲಿ ನೂರಕ್ಕೆ 20 ದಾಟಿದರೆ, ಅಥವಾ ಒಂದೇ ಸಮ 30 ನಿಮಿಷ ಮೀರಿದರೆ, ಮೀರಿದ ಹೊತ್ತಿಗೆ ಪೂರ್ತಿ ಕೂಲಿ ಅಂತ 2021ರಲ್ಲಿ ರೂಲ್ ಬಂದಿತ್ತು. 2024ರ ಆಗಸ್ಟ್‌ನಲ್ಲಿ ಫೆಡರಲ್ ಅಪೀಲ್ ಕೋರ್ಟ್ ಅದನ್ನು ಹೊಡೆದುಹಾಕಿತು. ಆದರೂ ಗೂಗಲ್ ಮಾಡಿದರೆ ಹಳೇ ಲೇಖನಗಳೇ ಸಿಗುತ್ತವೆ. ಅದನ್ನು ಹಿಡಿದುಕೊಂಡು ಓನರ್ ಮುಂದೆ ಹೋಗಿ ನಿಲ್ಲಬೇಡಿ.

ಉಳಿದಿರುವುದು 1967ರ ನಿಯಮ. ಒಬ್ಬರೇ ಎರಡು ಬೇರೆ ಬೇರೆ ಕೆಲಸ ಮಾಡಿದರೆ, ಟಿಪ್ಸ್ ಇಲ್ಲದ ಕೆಲಸದ ಗಂಟೆಗಳಿಗೆ ಟಿಪ್ ಕ್ರೆಡಿಟ್ ಇಲ್ಲ. ಹೋಟೆಲಿನ ರಿಪೇರಿ ಕೆಲಸದವನು ಸರ್ವರ್ ಕೆಲಸವನ್ನೂ ಮಾಡೋದು ಅದರಲ್ಲೇ ಕೊಟ್ಟಿರುವ ಉದಾಹರಣೆ. ದಿನಾ ಎರಡು ಗಂಟೆ ಅಡುಗೆಮನೆ, ಟಾಯ್ಲೆಟ್ ಅಂದರೆ ಅದು ಇನ್ನೊಂದು ಕೆಲಸವೇ ಅಂತ ನನ್ನ ಅನಿಸಿಕೆ. ಆ ಎರಡು ಗಂಟೆಗೆ 7.25 ಕೇಳಿ. ಓನರ್ ಒಪ್ಪದೆ ಇರಬಹುದು, ವಾದಕ್ಕೆ ಜಾಗ ಇದೆ. ಆದರೆ ಕೇಳೋದರಲ್ಲಿ ತಪ್ಪೇನೂ ಇಲ್ಲ.

ನಾನೂ ಬಂದ ಹೊಸದರಲ್ಲಿ ಇದೇ ಕೆಲಸ ಮಾಡಿದವಳು. ಎರಡು ಪ್ಲೇಟ್ ಒಡೆದೆ ಅಂತ ಸಂಬಳದಲ್ಲಿ ಹಿಡಿದಿದ್ದರು. ನಮ್ಮೂರಿನವರೇ ಅಲ್ವಾ ಅಂತ ಸುಮ್ನಿದ್ದೆ. ಟಿಪ್ ಕ್ರೆಡಿಟ್ ತಗೊಳ್ಳೋ ಓನರ್ ಹಾಗೆ ಹಿಡಿಯುವಂತಿಲ್ಲ ಅಂತ ಗೊತ್ತಾಗಿದ್ದು ಕೆಲಸ ಬಿಟ್ಟ ಮೇಲೆ. ಹಾಗೇ ನಿಮ್ಮ ಟಿಪ್ಸ್‌ನಲ್ಲಿ ಮ್ಯಾನೇಜರ್ ಪಾಲು ತಗೊಳ್ಳೋ ಹಾಗಿಲ್ಲ, ಅದು 2018ರಿಂದ ಕಾನೂನಿನಲ್ಲೇ ಇದೆ.

ಮಾತಲ್ಲಿ ಬಗೆಹರಿಯದಿದ್ದರೆ ಲೇಬರ್ ಇಲಾಖೆಯ ವೇಜ್ ಅಂಡ್ ಅವರ್ ವಿಭಾಗಕ್ಕೆ ಫೋನ್ ಮಾಡಿ. ಖರ್ಚಿಲ್ಲ, ನಿಮ್ಮ ಹೆಸರನ್ನು ಗುಟ್ಟಾಗಿಡುತ್ತಾರೆ. ಸಾಮಾನ್ಯವಾಗಿ ಎರಡು ವರ್ಷದ ಹಿಂದಿನವರೆಗೆ ಬಾಕಿ ಕೇಳಬಹುದು, ಬೇಕಂತಲೇ ಮಾಡಿದ್ದರೆ ಮೂರು. ಆದರೆ ಕೈಯಲ್ಲಿ ಲೆಕ್ಕ ಇರಬೇಕು. ಇವತ್ತೇ ಒಂದು ನೋಟ್‌ಬುಕ್ ಶುರು ಮಾಡಿ. "ಸೋಮವಾರ, 9ರಿಂದ 11, ಈರುಳ್ಳಿ" ಅಂತ ಕನ್ನಡದಲ್ಲೇ ಬರೆದಿಡಿ.