ವಾರ್ಡ್ ಪೋಸ್ಟಿಂಗ್‌ಗೆ ಟ್ಯಾಬ್ಲೆಟ್ ಒಯ್ಯಬಹುದೇ?

ರೋಗಿಯ ಹಾಸಿಗೆಯ ಪಕ್ಕದಲ್ಲೇ ಟ್ಯಾಬ್ಲೆಟ್ಟಿನಲ್ಲಿ ಹಿಸ್ಟರಿ (ರೋಗಿ ಹೇಳುವ ಕಾಯಿಲೆಯ ವಿವರ) ಬರೆದುಕೊಂಡು, ಅದರಲ್ಲಿರುವ ರೋಗನಿರ್ಣಯದ ತಂತ್ರಾಂಶಕ್ಕೆ ಲಕ್ಷಣಗಳನ್ನು ಕೊಟ್ಟು ನೋಡುವುದು ಎಂಬಿಬಿಎಸ್ ವಿದ್ಯಾರ್ಥಿಗೆ ಸರಿಯೇ ಎಂದು ಕೇಳಿದ್ದೀರಿ. ಸರ್ಜರಿ ವಿಭಾಗದಲ್ಲಿ ಪಾಠ ಹೇಳುವ ನಾನು ಬೇಡ ಎನ್ನುವುದಿಲ್ಲ. ಆದರೆ ಹಿಸ್ಟರಿ ಕೇಳಿ, ಹೊಟ್ಟೆ ಮುಟ್ಟಿ ನೋಡಿ ಮುಗಿಯುವ ತನಕ ಅದು ಚೀಲದಲ್ಲೇ ಇರಲಿ.

ಇಂಥ ಪ್ರಯತ್ನ ಹೊಸದೇನಲ್ಲ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಶಸ್ತ್ರವೈದ್ಯ ಡಿ ಡೊಂಬಾಲ್ ಮತ್ತು ಸಂಗಡಿಗರು ಹಠಾತ್ ಹೊಟ್ಟೆನೋವಿನಿಂದ ಬಂದ 304 ರೋಗಿಗಳ ವಿವರವನ್ನು ಕಂಪ್ಯೂಟರಿಗೆ ಕೊಟ್ಟು 1972ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಯಂತ್ರದ ನಿರ್ಣಯ ಶೇ 91.8ರಷ್ಟು ಸರಿಯಾಗಿತ್ತು, ಹಿರಿಯ ವೈದ್ಯರದು ಶೇ 79.6ರಷ್ಟು. ಇಷ್ಟನ್ನೇ ಓದಿದವರು ಯಂತ್ರ ಗೆದ್ದಿತೆನ್ನುತ್ತಾರೆ. ಆದರೆ ನೋವು ಎಲ್ಲಿ ಶುರುವಾಯಿತು, ಈಗ ಎಲ್ಲಿದೆ, ಒತ್ತಿ ಕೈ ತೆಗೆದಾಗ ಹೆಚ್ಚಾಯಿತೇ ಎಂಬುದನ್ನೆಲ್ಲ ಕೇಳಿ, ಮುಟ್ಟಿ ತಿಳಿದು ಅದಕ್ಕೆ ಒದಗಿಸಿದವರು ವೈದ್ಯರೇ. ಮುಂದೆ ಬ್ರಿಟನ್ನಿನ ಎಂಟು ಆಸ್ಪತ್ರೆಗಳಲ್ಲಿ ನಡೆದು 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಂಪ್ಯೂಟರಿನ ನೆರವು ಸಿಕ್ಕ ಮೇಲೆ ವೈದ್ಯರ ಮೊದಲ ನಿರ್ಣಯದ ನಿಖರತೆ ಶೇ 45.6ರಿಂದ 65.3ಕ್ಕೆ ಏರಿತು. ಅದರಲ್ಲಿ ಕಂಪ್ಯೂಟರಿನ ಉತ್ತರಕ್ಕಿಂತ, ಏನನ್ನೂ ಬಿಡದೆ ಕೇಳುವಂತೆ ಮಾಡಿದ ನಿಗದಿತ ಪ್ರಶ್ನೆಗಳ ನಮೂನೆಯ ಪಾಲೇ ದೊಡ್ಡದಿರಬೇಕೆಂದು ನನ್ನ ಅನಿಸಿಕೆ.

ಕರುಳಿಗೆ ಅಂಟಿಕೊಂಡ ಅಪೆಂಡಿಕ್ಸಿನ ಉರಿಯೂತವಾದ ಅಪೆಂಡಿಸೈಟಿಸನ್ನೇ ತೆಗೆದುಕೊಳ್ಳಿ. ಹೊಕ್ಕುಳಿನ ಸುತ್ತ ಶುರುವಾದ ನೋವು ಕೆಲವು ಗಂಟೆಗಳಲ್ಲಿ ಬಲ ಕಿಬ್ಬೊಟ್ಟೆಗೆ ಇಳಿಯುವುದು ಅದರ ಮುಖ್ಯ ಸುಳಿವು. ರೋಗಿ ಹೇಳುವುದೋ “ಹೊಟ್ಟೆ ನೋಯ್ತದೆ ಸಾರ್” ಎಂದಷ್ಟೇ. “ಮೊದಲು ಎಲ್ಲಿ ಬಂತು, ಬೆರಳಿಟ್ಟು ತೋರಿಸಿ” ಎಂದಾಗ ಆ ಬೆರಳು ಎತ್ತ ಸರಿಯಿತೆಂಬುದು ಟೈಪ್ ಮಾಡುತ್ತ ಕುಳಿತವರಿಗೆ ಕಾಣುವುದಿಲ್ಲ. ಹೊಟ್ಟೆ ಒತ್ತುವಾಗ ಕಣ್ಣು ರೋಗಿಯ ಮುಖದ ಮೇಲಿರಬೇಕೆಂದು ನಾವು ಪದೇ ಪದೇ ಹೇಳುವುದೂ ಇದಕ್ಕೇ.

ನಿಮ್ಮ ಡಿಫರೆನ್ಶಿಯಲ್ ಡಯಾಗ್ನೋಸಿಸ್ಸನ್ನು, ಅಂದರೆ ಇರಬಹುದಾದ ರೋಗಗಳ ಪಟ್ಟಿಯನ್ನು, ಕಾಗದದ ಮೇಲೆ ಬರೆದಾದ ಬಳಿಕ ತಂತ್ರಾಂಶವನ್ನು ತೆರೆಯಿರಿ. ಕಿಬ್ಬೊಟ್ಟೆ ನೋವಿನಿಂದ ಬಂದ ಯುವತಿಯ ವಿಷಯದಲ್ಲಿ ಅದು ಗರ್ಭನಾಳದಲ್ಲಿ ನಿಂತ ಗರ್ಭವನ್ನೂ ಪಟ್ಟಿ ಮಾಡಿ, ಕೊನೆಯ ಮುಟ್ಟಿನ ದಿನವನ್ನು ನೀವು ಕೇಳಿಯೇ ಇಲ್ಲವೆಂಬುದು ಆಗ ಹೊಳೆದರೆ, ಮತ್ತೆ ಹಾಸಿಗೆಯ ಬಳಿಗೆ ಹೋಗಿ ಕೇಳುತ್ತೀರಿ. ಅದರ ನಿಜವಾದ ಉಪಯೋಗ ಇಂಥ ಕಡೆ.

ಇನ್ನು ರೋಗಿಯ ಹೆಸರು, ಐ.ಪಿ. (ಒಳರೋಗಿ) ನಂಬರ್, ಫೋಟೋ ನಿಮ್ಮ ಸ್ವಂತ ಟ್ಯಾಬ್ಲೆಟ್ಟಿನಲ್ಲಿ ಇರಲೇಬಾರದು. ವಾಟ್ಸಾಪ್ ಗುಂಪಿಗಂತೂ ಹೋಗಲೇಬಾರದು. ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವ ಮುನ್ನ ಕೈಯನ್ನೂ ಪರದೆಯನ್ನೂ ಶುಚಿ ಮಾಡಿಕೊಳ್ಳಿ, ಹಾಸಿಗೆಯ ಮೇಲೆ ಅದನ್ನು ಇಡಬೇಡಿ. ನೀವು ಬರೆದುಕೊಂಡದ್ದು ಕಲಿಕೆಗೆ ಮಾತ್ರ; ಚಿಕಿತ್ಸೆ ನಡೆಯುವುದು ಡ್ಯೂಟಿ ಡಾಕ್ಟರ್ ಸಹಿ ಹಾಕಿದ ಕೇಸ್ ಶೀಟಿನ ಪ್ರಕಾರ. ಆದ್ದರಿಂದ ಎರಡರಲ್ಲಿ ವ್ಯತ್ಯಾಸ ಕಂಡರೆ ಸುಮ್ಮನಿರದೆ ಯುನಿಟ್ಟಿನ ಪಿ.ಜಿ.ಗೆ (ಸ್ನಾತಕೋತ್ತರ ಓದುತ್ತಿರುವ ವೈದ್ಯರಿಗೆ) ಕೂಡಲೇ ತಿಳಿಸಿ.